ಬಹುಮಾನವೂ ಬಾಲಶಿಷ್ಯರ ಅವಧಾನವೂ

ಮಹಾಲಿಂಗಪುರಕ್ಕೆ ಸಮೀಪವಾದ ಮುಧೋಳವು ರನ್ನನ ಜನ್ಮಸ್ಥಾನವು. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಈ ಕವಿಯು ಬಳೆಗಾರರ ಕುಲದಲ್ಲಿ ಹುಟ್ಟಿ, ವಿದ್ಯೆಗಾಗಿ ಅಜಿತಸೇನಾಚಾರ್ಯರನ್ನು ಆಶ್ರಯಿಸಿದನು. ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ಬಂದುದು ವಿದ್ಯೆ ಕೈಗೂಡಿದ ತರುವಾಯ. ಪಾಠ ಹೇಳುವಾಗ ಆ ಬಿರುದನ್ನೇ ಮುಂದಿಟ್ಟು ಹುಡುಗರ ಮನಸ್ಸನ್ನು ಸೆಳೆಯಬೇಕೆಂಬ ಆಸೆ ಉಪಾಧ್ಯಾಯರಿಗೆ ಸಹಜವಾದುದೇ. ಆದರೆ ಫಲಲೋಭದಿಂದ ಅವಧಾನವು ಹುಟ್ಟುವುದೇ? ಈ ವಿಷಯದಲ್ಲಿ ವ್ಯಾಸಭಾರತದ ಆದಿಪರ್ವವನ್ನು ವಿಚಾರಿಸುವುದು ಯುಕ್ತವು.

ದ್ರೋಣಶಿಷ್ಯರ ವೃತ್ತಾಂತದಲ್ಲಿ ಎಲ್ಲರಿಗೂ ಪರಿಚಿತವಾದುದು ಮರದ ತುದಿಯ ಕೃತ್ರಿಮಪಕ್ಷಿಯ ಪರೀಕ್ಷೆ. ಯುಧಿಷ್ಠಿರಾದಿಗಳಿಗೆ ಮರ, ಗುರು, ಸೋದರರು ಎಲ್ಲವೂ ಕಂಡವು. ಅರ್ಜುನನಿಗೆ ಹಕ್ಕಿಯ ತಲೆಯೊಂದೇ. (ಕಣ್ಣೆಂಬುದು ಜನರ ರೂಢಿ, ಮೂಲದಲ್ಲಿರುವುದು ತಲೆ.) ಈ ಪ್ರಸಂಗವನ್ನು ಬಿಡಿಯಾಗಿ ಓದಿದರೆ ಕವಿಯ ಅಭಿಪ್ರಾಯವು ಕೈತಪ್ಪುವುದು. ಇದಕ್ಕೆ ಮೊದಲೇ, ಒಂದು ರಾತ್ರಿ ಊಟದ ವೇಳೆಯಲ್ಲಿ ಗಾಳಿಗೆ ದೀಪವು ಆರಲು, ಕತ್ತಲೆಯಲ್ಲಿಯೂ ಕೈಯು ಬಾಯಿಗೆ ಹೋಗುವುದನ್ನು ಕಂಡ ಅರ್ಜುನನು ಇರುಳಿನಲ್ಲಿ ಬಿಲ್ಲಿನ ಅಭ್ಯಾಸಕ್ಕೆ ತೊಡಗಿದನು. ಅದಕ್ಕಾಗಿ ಯಾರೂ ಏನನ್ನೂ ಕೊಡುವೆನೆಂದಿರಲಿಲ್ಲ. ಹೆದೆಯ ಧ್ವನಿಯನ್ನು ಕೇಳಿ ಬಂದ ಗುರುವು ಅವನನ್ನು ಅಪ್ಪಿಕೊಂಡು, ಲೋಕದಲ್ಲಿ ಅವನಿಗೆ ಸಮನಾದ ಬಿಲ್ಲಾಳು ಇರದಂತೆ ಮಾಡುವೆನೆಂದು ಮಾತು ಕೊಟ್ಟನು.

ಆ ಮಾತೇ ಬಹುಮಾನವು. ಅದರ ಪರಿಣಾಮವು ಏಕಲವ್ಯನ ಪ್ರಸಂಗದಲ್ಲಿ ವ್ಯಕ್ತವಾಗುತ್ತದೆ. ನಾಯಿಯ ಬಾಯಲ್ಲಿ ನಾಟಿದ ಏಳು ಬಾಣಗಳ ಕೌಶಲವನ್ನು ಕಂಡು ಪಾಂಡವರು ಬೆರಗಾಗಿ ಹೊಗಳಿದರು. ಆದರೆ ಅರ್ಜುನನು ಆ ಕೌಶಲದ ಮರ್ಮವನ್ನು ಅರಸಲಿಲ್ಲ. ಏಕಾಂತದಲ್ಲಿ ಗುರುವಿನ ಬಳಿಗೆ ಹೋಗಿ, ಕೊಟ್ಟ ಮಾತನ್ನು ನೆನಪಿಗೆ ತಂದನು. ಕತ್ತಲೆಯಲ್ಲಿ ವಿದ್ಯೆಯನ್ನು ಕಂಡಿದ್ದ ಕಣ್ಣು ಹಗಲಿನಲ್ಲಿ ವಚನವೊಂದನ್ನೇ ಕಂಡಿತು. ಅದರ ಬೆಲೆಯನ್ನು ತೆತ್ತುದು ನಿಷಾದಬಾಲಕನ ಹೆಬ್ಬೆರಳು.

2014ರಲ್ಲಿ ಪ್ರಕಟವಾದ ಅಮೆರಿಕದ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗದಲ್ಲಿ, ಮೊದಲು ಹಣದ ಲಾಭದೊಡನೆ ಕೂಡಿದ್ದ ಬಣ್ಣಗಳು, ಆ ಲಾಭವು ನಿಂತ ಬಳಿಕವೂ, ಹದಿಹರೆಯದವರ ಗಮನವನ್ನು ಪ್ರೌಢರಿಗಿಂತ ಹೆಚ್ಚು ಕಾಲ ಸೆಳೆಯುತ್ತಿದ್ದುವು. ಪ್ರಯೋಗಶಾಲೆಯ ಬಣ್ಣಕ್ಕೂ ಗುರುವಚನಕ್ಕೂ ಹೋಲಿಕೆಯು ಅತಿಯೆನಿಸೀತು. ಆದರೂ ಬಹುಮಾನವು ಗಮನವನ್ನು ತನ್ನ ಗುರುತಿನ ಕಡೆಗೇ ಎಳೆದುಕೊಳ್ಳುವುದೆಂಬ ಅಂಶದಲ್ಲಿ ಸಾಮ್ಯವುಂಟು.

ಬಹುಮಾನವೇ ಕೂಡದೆಂಬುದು ವ್ಯಾಸರ ಮತವಲ್ಲ. ಮೊಸಳೆಯ ಹಿಡಿತದಿಂದ ಗುರುವನ್ನು ಬಿಡಿಸಿದ ಮೇಲೆ ಅರ್ಜುನನಿಗೆ ಬ್ರಹ್ಮಶಿರವೆಂಬ ಅಸ್ತ್ರವು ದೊರೆಯುವುದು. ಅದಕ್ಕೆ ಮೊದಲು ಅದರ ಆಸೆಯನ್ನು ತೋರಿಸಿದುದಿಲ್ಲ. ಹಕ್ಕಿಯ ಪರೀಕ್ಷೆಗೂ ಪಣವಿಲ್ಲ. ರನ್ನನ ಪಾಠಕ್ಕೂ ಈ ಕ್ರಮವೇ ಸಲ್ಲುವುದು: ಗದಾಯುದ್ಧದಲ್ಲಿ ದುರ್ಯೋಧನನು ಬಂಧುಗಳ ಹೆಣಗಳ ನಡುವೆ ನಡೆಯುವ ಭಾಗವನ್ನು ಹುಡುಗರಿಂದ ಓದಿಸಿ, ತೈಲಪನಿತ್ತ ಬಿರುದನ್ನು ಆಮೇಲೆ ತಿಳಿಸಬಹುದು.