ಕಂಟ್ರೋಲ್ ಎಫ್-9ರ ಹಿಂದೆ ಏನಿದೆ?

ಸಿ ಭಾಷೆಯನ್ನು ಒಂದು ವರ್ಷ ಕಲಿತ ವಿದ್ಯಾರ್ಥಿಯನ್ನು ‘ನೀನು ಬರೆದ ಪ್ರೋಗ್ರಾಂ ಹೇಗೆ ಓಡುತ್ತದೆ?’ ಎಂದು ಕೇಳಿ ನೋಡಿ. ‘ಕಂಟ್ರೋಲ್ ಎಫ್-9 ಒತ್ತಿದರೆ ಓಡುತ್ತದೆ’ ಎಂಬ ಉತ್ತರ ಬಂದರೆ ಅಚ್ಚರಿಪಡಬೇಕಿಲ್ಲ. ಆ ಕೀಲಿಗಳು ಟರ್ಬೊ ಸಿ++ ಎಂಬ ತಂತ್ರಾಂಶಕ್ಕೆ ಸೇರಿದವು. ಸಿ ಭಾಷೆಗೂ ಅವಕ್ಕೂ ಸಂಬಂಧವಿಲ್ಲ. ಆದರೆ ಉಪಕರಣವೇ ಭಾಷೆ ಎಂಬ ಭ್ರಮೆ ನಮ್ಮ ಪ್ರಯೋಗಾಲಯಗಳಲ್ಲಿ ಬೇರೂರಿದೆ.

ಟರ್ಬೊ ಸರಣಿಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. 1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ತಂದ ಟರ್ಬೊ ಪ್ಯಾಸ್ಕಲ್, ಬರೆಯುವ ಪರದೆಯನ್ನೂ ಕಂಪೈಲರನ್ನೂ ಒಂದುಗೂಡಿಸಿ 50 ಡಾಲರಿಗೂ ಕಡಿಮೆ ಬೆಲೆಗೆ ಕೊಟ್ಟಿತು. ಟರ್ಬೊ ಸಿ 1987ರಲ್ಲಿ ಬಂತು. ಐಡಿಇ ಎಂದು ನಾವೀಗ ಕರೆಯುವ ಸಮಗ್ರ ಪರಿಸರ ಜನಪ್ರಿಯವಾದದ್ದು ಹೀಗೆ.

ತೊಂದರೆ ಇರುವುದು ಅದು ಮರೆಮಾಡುವ ವಿಷಯದಲ್ಲಿ. ಸಿ ಪ್ರೋಗ್ರಾಂ ಓಡುವ ಮುನ್ನ ನಾಲ್ಕು ಕೈ ದಾಟುತ್ತದೆ: ಪ್ರಿಪ್ರೊಸೆಸರ್, ಕಂಪೈಲರ್, ಅಸೆಂಬ್ಲರ್, ಲಿಂಕರ್. ಲಿನಕ್ಸ್‌ನಲ್ಲಿ ಜಿಸಿಸಿ ಆದೇಶವನ್ನು ಕೈಯಾರೆ ಕೊಟ್ಟಾಗ ಯಾವ ಹಂತದಲ್ಲಿ ಬೇಕಾದರೂ ನಿಲ್ಲಿಸಿ ನೋಡಬಹುದು. ಐದು ಸಾಲಿನ ಪ್ರೋಗ್ರಾಂ ಮೊದಲ ಹಂತದ ನಂತರ ನೂರಾರು ಸಾಲುಗಳಾಗಿ ಉಬ್ಬಿರುವುದನ್ನು ಕಂಡ ವಿದ್ಯಾರ್ಥಿಗೆ ಹೆಡರ್ ಕಡತದ ಬಗ್ಗೆ ಬೇರೆ ಪಾಠ ಬೇಡ. ಇನ್ನೊಂದು ಉದಾಹರಣೆ ನೋಡಿ. ಬಳಕೆದಾರ ಕೊಟ್ಟ ಸಂಖ್ಯೆಯ ವರ್ಗಮೂಲ ಕಂಡುಹಿಡಿಯುವ ಪ್ರೋಗ್ರಾಂನಲ್ಲಿ ಮ್ಯಾತ್.ಎಚ್ ಸೇರಿಸಿದ್ದರೂ, ಗಣಿತದ ಲೈಬ್ರರಿಯನ್ನು ಆದೇಶದಲ್ಲಿ ಹೆಸರಿಸದಿದ್ದರೆ ಲಿಂಕರ್ ಆ ಫಲನ ಸಿಗಲಿಲ್ಲವೆಂದು ದೂರುತ್ತದೆ. ಹೆಡರ್ ಕಡತದಲ್ಲಿರುವುದು ಫಲನದ ಪರಿಚಯ ಮಾತ್ರ, ಫಲನವಲ್ಲ! ಐಡಿಇ ಲೈಬ್ರರಿಯನ್ನು ತಾನೇ ಜೋಡಿಸುವುದರಿಂದ, ಹೆಡರಿನೊಳಗೇ ಫಲನವಿದೆ ಎಂಬ ತಪ್ಪು ತಿಳಿವಳಿಕೆ ಪದವಿಯವರೆಗೂ ಉಳಿದುಬಿಡುತ್ತದೆ.

ಹಳೆಯ ಉಪಕರಣಕ್ಕೆ ಅಂಟಿಕೊಂಡಾಗ ಅದರ ಮಿತಿಯೂ ಪಾಠವಾಗುತ್ತದೆ. ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್ ಆದೇಶ ಸಿ ಮಾನಕದಲ್ಲಿ ಇಲ್ಲವೇ ಇಲ್ಲ. ಆದರೂ ಅದಿಲ್ಲದೆ ಪ್ರೋಗ್ರಾಂ ಆರಂಭಿಸಲು ಹಿಂಜರಿಯುವವರಿದ್ದಾರೆ. ಟರ್ಬೊದಲ್ಲಿ ಪೂರ್ಣಾಂಕಕ್ಕೆ 16 ಬಿಟ್, ಅಂದರೆ ಗರಿಷ್ಠ 32767. ಆದ್ದರಿಂದ 8ರ ಕ್ರಮಗುಣಿತ 40320 ಆಗುವ ಬದಲು ಋಣ 25216 ಎಂದು ಬರುತ್ತದೆ. ‘ಸಿ ಭಾಷೆಯಲ್ಲಿ 7ರವರೆಗೆ ಮಾತ್ರ’ ಎಂದು ಬರೆದುಕೊಂಡರೆ ಅದು ಭಾಷೆಯ ಮೇಲಿನ ಸುಳ್ಳು ಆರೋಪ. 64 ಬಿಟ್ ವಿಂಡೋಸ್ ಈ 16 ಬಿಟ್ ತಂತ್ರಾಂಶವನ್ನು ನೇರವಾಗಿ ಓಡಿಸಲಾರದು. ಹಾಗಾಗಿ ಅದನ್ನು ಡಾಸ್‌ಬಾಕ್ಸ್‌ನೊಳಗೆ ಕೂರಿಸಿ ಬದುಕಿಸಿಕೊಂಡು ಬಂದಿದ್ದೇವೆ. ಇಷ್ಟು ಶ್ರಮ ಏಕೋ!

ಹಾಗೆಂದು ಐಡಿಇಯನ್ನೇ ಹೊರಗಿಡಬೇಕೆಂದಲ್ಲ. ಒಂದೊಂದೇ ಸಾಲು ಓಡಿಸಿ ಚರಗಳ ಬೆಲೆ ಬದಲಾಗುವುದನ್ನು ತೋರಿಸುವ ಸೌಲಭ್ಯಕ್ಕೆ, ಆವರ್ತನವನ್ನು ಕಲಿಸುವಾಗ, ಕರಿಹಲಗೆಯೂ ಸಮವಲ್ಲ. ಅದೇ ಕೆಲಸವನ್ನು ಆದೇಶದ ಮೂಲಕ ಜಿಡಿಬಿಯಲ್ಲಿ ಮಾಡಿಸಹೊರಟರೆ ಹೊಸಬರು ಆದೇಶಗಳಲ್ಲೇ ಕಳೆದುಹೋಗುತ್ತಾರೆ. ಆದರೆ ಮೊದಲ ಕೆಲವು ವಾರ ಸರಳ ಪಠ್ಯ ಸಂಪಾದಕ ಮತ್ತು ಜಿಸಿಸಿ, ಆಮೇಲೆ ಕೋಡ್‌ಬ್ಲಾಕ್ಸ್‌ನಂಥ ಉಚಿತ ಪರಿಸರ ಎಂಬ ಕ್ರಮ ಕಷ್ಟವೇನಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪರದೆಯ ಮೇಲಿನ ಉತ್ತರಕ್ಕಷ್ಟೇ ಅಂಕ ಕೊಡುವವರೆಗೆ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬೇಕೆಂದೇ ಲೈಬ್ರರಿ ಬಿಟ್ಟು ಕಂಪೈಲ್ ಮಾಡಿಸಿ, ಬಂದ ದೋಷ ಯಾವ ಹಂತದ್ದೆಂದು ಕೇಳುವ ಒಂದು ಪ್ರಶ್ನೆ ಇರಲಿ. ಐದು ಅಂಕ ಸಾಕು.