'ಹ್ಯುಮಾನೆ ವೀಟೆ': ನಾವು ಓದದೆ ಬಿಟ್ಟ ಪರಿಚ್ಛೇದ



ಜಗದ್ಗುರು ಆರನೇ ಪೌಲರು 1968ರ ಜುಲೈ 25ರಂದು ಹೊರಡಿಸಿದ 'ಹ್ಯುಮಾನೆ ವೀಟೆ' ವಿಶ್ವಪತ್ರದ ಹೆಸರನ್ನು ನೀವು ಕೇಳಿರುತ್ತೀರಿ. ಮೊದಲಿನಿಂದ ಕೊನೆಯವರೆಗೆ ಓದಿದವರು ಮಾತ್ರ ಕಡಿಮೆ. ಕೃತಕ ಗರ್ಭನಿರೋಧವನ್ನು ನಿಷೇಧಿಸಿದ ಪತ್ರ ಎಂಬ ಒಂದೇ ಮಾತಿನಲ್ಲಿ ಅದರ ಪರಿಚಯ ಮುಗಿದುಹೋಗುತ್ತದೆ. 31 ಪರಿಚ್ಛೇದಗಳ ಈ ಚಿಕ್ಕ ಕೃತಿಗೆ ಇದರಿಂದ ಅನ್ಯಾಯವಾಗಿದೆ.

ನಿಷೇಧದ ಮಾತು ಬರುವುದು 14ನೇ ಪರಿಚ್ಛೇದದಲ್ಲಿ. ಅದಕ್ಕೂ ಮುನ್ನ 9ನೆಯದರಲ್ಲಿ ದಾಂಪತ್ಯ ಪ್ರೀತಿಯ ಸ್ವರೂಪವನ್ನು ವಿವರಿಸಲಾಗಿದೆ: ಅದು ಮಾನವೀಯ, ಸಂಪೂರ್ಣ, ನಿಷ್ಠಾವಂತ, ಫಲಪ್ರದ. 10ನೆಯದು ಜವಾಬ್ದಾರಿಯುತ ಮಾತಾಪಿತೃತ್ವದ ಕುರಿತಾದುದು. 13ನೇ ಪರಿಚ್ಛೇದದ ಆರಂಭದಲ್ಲಿ ಜಗದ್ಗುರುಗಳು ಒಂದು ಕಠಿಣ ಸತ್ಯವನ್ನು ಮುಂದಿಡುತ್ತಾರೆ. ಸಂಗಾತಿಯ ಸ್ಥಿತಿಯನ್ನಾಗಲಿ, ನ್ಯಾಯಯುತ ಇಚ್ಛೆಯನ್ನಾಗಲಿ ಲೆಕ್ಕಿಸದೆ ಹೇರಿದ ದೇಹಸಂಬಂಧವು ಪ್ರೀತಿಯ ಕ್ರಿಯೆಯೇ ಅಲ್ಲ ಎಂಬುದು ಅದರ ತಾತ್ಪರ್ಯ. ಗಂಭೀರ ಕಾರಣಗಳಿದ್ದಾಗ ಫಲವಂತಿಕೆಯಿಲ್ಲದ ದಿನಗಳನ್ನು ಅವಲಂಬಿಸಬಹುದೆಂದು ಹೇಳುವ 16ನೇ ಪರಿಚ್ಛೇದವನ್ನು ಇದರ ಬೆಳಕಿನಲ್ಲೇ ಓದಬೇಕು. ನಾವಾದರೋ 14 ಮತ್ತು 16ನ್ನು ಬೋಧಿಸಿ, 13ನ್ನು ದಾಟಿಹೋಗುತ್ತೇವೆ.

ಇದರ ಪರಿಣಾಮವೇನು? ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. 1950ರ ದಶಕದ ಆರಂಭದಲ್ಲಿ, ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮೈಸೂರು ಸಂಸ್ಥಾನದ ರಾಮನಗರದಲ್ಲಿ ದಿನಗಳನ್ನು ಎಣಿಸುವ ವಿಧಾನದ ಪ್ರಯೋಗ ನಡೆಯಿತು. ದಿನಕ್ಕೊಂದು ಮಣಿಯನ್ನು ಸರಿಸುವ ಬಣ್ಣದ ಸರವನ್ನು ಹೆಂಗಸರ ಕೈಗಿತ್ತರು. ಫಲ ನಿರಾಶಾದಾಯಕವಾಗಿತ್ತು. ಋತುಚಕ್ರವು ಮಣಿಸರದಂತೆ ಎಲ್ಲರಲ್ಲೂ ಒಂದೇ ಅಳತೆಯದಲ್ಲ. ಮೇಲಾಗಿ, ಇಬ್ಬರು ಸೇರಿ ಪಾಲಿಸಬೇಕಾದ ಸಂಯಮವನ್ನು ಒಬ್ಬಳ ಕೊರಳಿಗೆ ತೂಗುಹಾಕಿದರೆ ಅದು ನಿಲ್ಲುವುದೆಂತು?

ಮುಂದೆ ವಿಧಾನ ಸುಧಾರಿಸಿತು. ಮೆಲ್ಬರ್ನ್‌ನ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಗರ್ಭಕಂಠದ ಸ್ರಾವವನ್ನು ಗಮನಿಸಿ ಫಲವಂತಿಕೆಯ ದಿನಗಳನ್ನು ಗುರುತಿಸುವ ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬೆಂಗಳೂರು ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ ಪರೀಕ್ಷಿಸಿ, 1981ರಲ್ಲಿ ವರದಿಗಳನ್ನು ಪ್ರಕಟಿಸಿತು. ಶೇ. 93ರಷ್ಟು ಮಹಿಳೆಯರು ಮೊದಲ ಚಕ್ರದಲ್ಲೇ ಲಕ್ಷಣಗಳನ್ನು ಗುರುತಿಸಿದರು. ನಿಯಮವನ್ನು ಸರಿಯಾಗಿ ಪಾಲಿಸಿದಲ್ಲಿ ವರ್ಷಕ್ಕೆ ನೂರು ಮಹಿಳೆಯರಲ್ಲಿ ಸುಮಾರು ಮೂವರು ಗರ್ಭ ಧರಿಸಿದರೆ, ಒಟ್ಟಾರೆ ಲೆಕ್ಕದಲ್ಲಿ ಆ ಸಂಖ್ಯೆ ಸುಮಾರು 22. ಇವುಗಳಲ್ಲಿ ಹೆಚ್ಚಿನವು ಫಲವಂತಿಕೆಯ ದಿನವೆಂದು ತಿಳಿದೂ ನಿಯಮ ಮೀರಿದ್ದರಿಂದಾದವು. ಮೂರಕ್ಕೂ ಇಪ್ಪತ್ತೆರಡಕ್ಕೂ ನಡುವಿನ ಅಂತರವನ್ನು ವೈದ್ಯಶಾಸ್ತ್ರ ತುಂಬಲಾರದು. ಅದನ್ನು ದಂಪತಿಗಳ ಒಮ್ಮತವೇ ತುಂಬಬೇಕು.

ಭಾರ ಒಬ್ಬಳ ಮೇಲೆಯೇ ಬೀಳುವುದು ಕೇವಲ ಕಥೋಲಿಕರ ಸಮಸ್ಯೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸ್ತ್ರೀ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 37.9; ಪುರುಷ ಶಸ್ತ್ರಚಿಕಿತ್ಸೆ ಶೇ. 0.3 ಮಾತ್ರ. ಧರ್ಮಸಭೆಯ ಬೋಧನೆ ಬೇರೆ ದಾರಿಯನ್ನು ತೋರುತ್ತದೆ ಎಂದು ಹೇಳುವ ನಾವು, ಆ ದಾರಿಯಲ್ಲೂ ಹೆಂಡತಿಯನ್ನೇ ಒಂಟಿಯಾಗಿ ನಡೆಸಿದರೆ ನಮ್ಮ ಮಾತಿಗೆ ಬೆಲೆಯೆಲ್ಲಿ?

ಪತ್ರದ ಒಂದು ಕೊರತೆಯನ್ನೂ ಹೇಳಬೇಕು. ಅದು ದಂಪತಿಗಳು ಒಂದೇ ಸೂರಿನಡಿ ಬಾಳುತ್ತಾರೆಂದು ಭಾವಿಸಿ ಮಾತನಾಡುತ್ತದೆ. ಅಂಬಲಪಾಡಿ, ಉಡುಪಿ, ಕಾಪು, ಕಾರ್ಕಳಗಳ ಎಷ್ಟೋ ಮನೆಗಳಲ್ಲಿ ಯಜಮಾನ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಾನೆ; ಒಂದೆರಡು ತಿಂಗಳ ರಜೆಯಲ್ಲಿ ಊರಿಗೆ ಬರುತ್ತಾನೆ. ಆ ಎಣಿಕೆಯ ದಿನಗಳಲ್ಲಿ "ಇಂದು ಬೇಡ" ಎನ್ನುವುದು ಹೆಂಡತಿಗೆ ಎಷ್ಟು ಕಷ್ಟ! ಅವಳು ಅದನ್ನು ಹೇಳಬೇಕಾಗಿ ಬಾರದಂತೆ, ಅವನೇ ತಿಳಿದು ಹೇಳುವುದು 13ನೇ ಪರಿಚ್ಛೇದದ ಪಾಲನೆ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯದಲ್ಲಿ ದಂಪತಿಗಳು ಸ್ವಲ್ಪ ಕಾಲ ಅಗಲಿರುವುದಾದರೆ ಪರಸ್ಪರ ಸಮ್ಮತಿಯನ್ನೇ ಕೇಳುತ್ತಾರೆ.

ಆದ್ದರಿಂದ, ಪತಿಯಂದಿರೇ, ಫಲವಂತಿಕೆಯ ದಿನಗಳ ಪಟ್ಟಿಯನ್ನು ಓದಲು ನೀವೂ ಕಲಿಯಿರಿ; ಪ್ರತಿದಿನ ಅದನ್ನು ಬರೆದಿಡುವ ಹೊಣೆ ನಿಮ್ಮದಾಗಲಿ. ಗುರುಗಳಾದ ನಾವು ವಿವಾಹ ಸಿದ್ಧತಾ ಶಿಬಿರಗಳಲ್ಲಿ ವಧೂವರರಿಬ್ಬರನ್ನೂ ಜೊತೆಗೆ ಕುಳ್ಳಿರಿಸಿ ಈ ಪಾಠ ಮಾಡೋಣ. ಎಡವಿದವರನ್ನು ಕ್ರಿಸ್ತರ ತಾಳ್ಮೆಯಿಂದ ಕಾಣಬೇಕೆಂದು ಅದೇ ಪತ್ರದ 29ನೇ ಪರಿಚ್ಛೇದ ನಮಗೆ ಆದೇಶಿಸಿರುವುದನ್ನೂ ಮರೆಯದಿರೋಣ.