ಮಡಿಕೆ ಬಿಚ್ಚಿದ ರೆಕ್ಕೆ

ಹೊಸ ಜಾತಿಯ ಹುಳವೊಂದನ್ನು ಲೋಕಕ್ಕೆ ಮೊದಲ ಸಲ ಪರಿಚಯಿಸುವ ವಿಜ್ಞಾನದ ಬರಹಗಳನ್ನು ಓದುವ ಚಟ ನನಗೆ. ಅದರಲ್ಲೇನಿದೆ ಓದುವಂಥದ್ದು ಎಂದು ಮೂಗು ಮುರಿಯುವವರಿದ್ದಾರೆ. ನಮ್ಮ ಹಳೆಯ ಕವಿಗಳ ಕೇಶಾದಿಪಾದ ವರ್ಣನೆ ಇವತ್ತಿಗೂ ಕಟ್ಟುನಿಟ್ಟಾಗಿ ನಡೆದುಕೊಂಡು ಬರುತ್ತಿರುವುದು ಅಲ್ಲೇ ಎನ್ನುವುದು ನನ್ನ ಉತ್ತರ. ತಲೆಯಿಂದ ಶುರುವಾಗುತ್ತದೆ: ಕಣ್ಣು, ಕುಡಿಮೀಸೆ, ಬಾಯಿ. ಆಮೇಲೆ ಎದೆ, ರೆಕ್ಕೆ, ಕಾಲು. ಕೊನೆಗೆ ಹೊಟ್ಟೆ ಮತ್ತು ಜನನಾಂಗ. ಕವಿ ನಾಚಿ ನಿಲ್ಲುವ ಕಡೆ ಕೀಟತಜ್ಞ ಎರಡು ಪುಟ ಹೆಚ್ಚಿಗೆ ಬರೆಯುತ್ತಾನೆ, ಏಕೆಂದರೆ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಬಹಳ ಸಲ ಸಿಕ್ಕುವುದು ಅಲ್ಲಿಯೇ. ಉಪಮೆಗೆ ಸಲುಗೆ ಕಡಿಮೆ, ಅಳತೆಗೆ ಮರ್ಯಾದೆ ಹೆಚ್ಚು.

ಇಂಥ ವರ್ಣನೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕಾಶ್ಮೀರದ ಒಂದು ನುಸಿಯದು. 1922ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಎಫ್. ಡಬ್ಲ್ಯು. ಎಡ್ವರ್ಡ್ಸ್ ಅದನ್ನು ವಿವರಿಸಿ ಡ್ಯುಟೆರೊಫ್ಲೀಬಿಯ ಮಿರಾಬಿಲಿಸ್ ಎಂದು ಹೆಸರಿಟ್ಟರು. ಸೊಳ್ಳೆ, ನುಸಿಗಳ ವಿಷಯದಲ್ಲಿ ಆ ಕಾಲದ ದೊಡ್ಡ ಪಂಡಿತರು ಅವರು. ಅಂಥವರಿಗೂ ಇದನ್ನು ಸೇರಿಸಲು ಗೊತ್ತಿದ್ದ ಯಾವ ಕುಟುಂಬವೂ ಒಗ್ಗಲಿಲ್ಲ. ಜಾತಿಯ ಜೊತೆಗೆ ಕುಲವನ್ನೂ ಕುಟುಂಬವನ್ನೂ ಹೊಸದಾಗಿಯೇ ಕಟ್ಟಬೇಕಾಯಿತು. ಕೆಲವೇ ಮಿಲಿಮೀಟರ್ ಉದ್ದದ, ಮಂಕು ಬಣ್ಣದ, ಮೈಮೇಲೆ ಕೂತರೂ ಗೊತ್ತಾಗದಂಥ ಜೀವಕ್ಕೆ ಇಷ್ಟೆಲ್ಲ ಏರ್ಪಾಡು.

ಅದರ ರೆಕ್ಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಮಾನ್ಯ ನೊಣದ ರೆಕ್ಕೆಯಲ್ಲಿ ಗಟ್ಟಿ ನರಗಳ ಚೌಕಟ್ಟಿರುತ್ತದೆ. ಯಾವ ನರ ಎಲ್ಲಿ ಕವಲೊಡೆಯಿತು ಎಂದು ನೋಡಿಯೇ ಕುಟುಂಬ ಹೇಳುತ್ತಾರೆ. ಇದರಲ್ಲಿ ಆ ನರಗಳು ಬಹುಪಾಲು ಅಳಿಸಿಹೋಗಿವೆ. ದೇಹಕ್ಕೆ ಹೋಲಿಸಿದರೆ ರೆಕ್ಕೆ ವಿಪರೀತ ಅಗಲ, ಬುಡದ ಹತ್ತಿರ ಬೀಸಣಿಗೆಯಷ್ಟು ವಿಶಾಲ, ಮೇಲೆಲ್ಲ ಸಣ್ಣ ಸಣ್ಣ ರೋಮ. ಆ ಹಾಳೆಯ ಉದ್ದಗಲಕ್ಕೆ ಗೆರೆಗಳ ಜಾಲವೊಂದು ಹರಡಿಕೊಂಡಿದೆ. ನೋಡಿದರೆ ನರಗಳೇ ಅನ್ನಿಸುತ್ತದೆ, ಆದರೆ ಅವು ನರಗಳಲ್ಲ, ಮಡಿಕೆಯ ಗುರುತುಗಳು. ಟ್ರಂಕಿನಲ್ಲಿ ಬಹುಕಾಲ ಮಡಿಸಿಟ್ಟ ರೇಷ್ಮೆ ಸೀರೆಯನ್ನು ಬಿಚ್ಚಿ ಹರಡಿದಾಗ ಮಡಿಕೆ ಬಿದ್ದ ಕಡೆಯೆಲ್ಲ ಗೆರೆ ಉಳಿಯುತ್ತದಲ್ಲ, ಹಾಗೆ. ಈ ನುಸಿಯ ರೆಕ್ಕೆ ಕೋಶದೊಳಗೆ ಇರುವಾಗಲೇ ಪೂರ್ತಿ ಬೆಳೆದು, ಮಡಿಕೆ ಮಡಿಕೆಯಾಗಿ ಒಳಗೆ ತುಂಬಿಕೊಂಡಿರುತ್ತದೆ.

ಯಾಕೆ ಹೀಗೆ ಎಂದರೆ, ಅದು ಹುಟ್ಟುವ ಜಾಗ ಅಂಥದ್ದು. ಬೇರೆ ನೊಣಗಳು ಕೋಶ ಬಿಟ್ಟು ಬಂದಮೇಲೆ ಎಲ್ಲಾದರೂ ಕುಳಿತು, ಮುದುರಿದ ರೆಕ್ಕೆಗೆ ದೇಹದ ದ್ರವ ತುಂಬಿ, ಅದು ಬಿಚ್ಚಿ ಗಟ್ಟಿಯಾಗುವ ತನಕ ಕಾಯುತ್ತವೆ. ಇದು ಇರುವುದು ಕಲ್ಲಿಗೆ ಕಲ್ಲು ಬಡಿಯುವ ಬೆಟ್ಟದ ತೊರೆಯಲ್ಲಿ. ಅಲ್ಲಿ ಕೂರುವುದೆಂತು, ಕಾಯುವುದೆಂತು? ಕೋಶ ಒಡೆದು ನೀರಿನ ಮೇಲೆ ಬರುತ್ತಲೇ ರೆಕ್ಕೆ ಬಿಚ್ಚಿ ಹಾರಬೇಕು; ಇಲ್ಲವಾದರೆ ಸೆಳವು ಒಯ್ಯುತ್ತದೆ.

ಹಾರಿದ ಮೇಲೆ ಸಿಕ್ಕುವ ಆಯುಷ್ಯವಾದರೂ ಎಷ್ಟು? ಗ್ರೆಗರಿ ಕೋರ್ಟ್‌ನಿ ಎಂಬ ಕೀಟತಜ್ಞ ಇದೇ ಕುಟುಂಬದ ಅಮೆರಿಕದ ಜಾತಿಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಅಭ್ಯಾಸ ಮಾಡಿದವರು. ಅವರು ಕಂಡಂತೆ ಬೆಳಗಿನ ಹೊತ್ತು ತೊರೆಯ ಮೇಲೆ ಹಾರಾಡುವ ಗಂಡುಗಳ ಬಾಳು ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ತಿನ್ನುವ ಮಾತೇ ಇಲ್ಲ, ಬಾಯಿಯ ಅಂಗಗಳೇ ಇಲ್ಲವಲ್ಲ. ಗಂಡಿಗೆ ಇರುವುದು ಕುಡಿಮೀಸೆ, ಅದೂ ಎಂಥದ್ದು! ಕೆಲವು ಜಾತಿಗಳಲ್ಲಿ ಮೈಯುದ್ದದ ಮೂರು ನಾಲ್ಕು ಪಟ್ಟು. ಗಂಟುಗಳ ಸಂಖ್ಯೆ ಆರೇ. ಆ ಉದ್ದವೆಲ್ಲ ಕೊನೆಯ ಗಂಟು ಒಂದರದೇ. ಹೆಣ್ಣಿನದು ಮೋಟು ಮೀಸೆ. ಆದರೆ ಅವಳ ಸಾಹಸ ಬೇರೆ: ಮೊಟ್ಟೆಯಿಡುವ ಹೊತ್ತಿಗೆ ರೆಕ್ಕೆಗಳನ್ನು ಉದುರಿಸಿ, ನೀರಿಗಿಳಿದು, ಕಲ್ಲನ್ನು ಹಿಡಿದು ತೆವಳುತ್ತಾಳೆ. ಅಷ್ಟು ಜತನದಿಂದ ಮಡಿಸಿ ತಂದ ರೆಕ್ಕೆಯನ್ನು ಗಂಟೆಯೊಳಗೆ ಬಿಸುಟುಬಿಡುವುದನ್ನು ಓದಿದಾಗ ನನಗಂತೂ ಹೊಟ್ಟೆ ಚುರ್ ಎಂದಿತು.

ಎಡ್ವರ್ಡ್ಸ್ ವರ್ಣಿಸಿದ್ದು ಹಾರುವ ನುಸಿಯನ್ನು. ಈ ಕುಲದ ಮರಿಹುಳು ಮತ್ತು ಕೋಶದ ವಿವರ 1924ರಲ್ಲಿ ಪುಲಿಕೊವ್ಸ್ಕಿಯವರ ಲೇಖನದಲ್ಲಿ ಬಂತು. ಚೆಲುವು ಎಂದರೆ ರೆಕ್ಕೆ ಎಂದುಕೊಂಡವರು ಈ ಮರಿಹುಳುವಿನ ಚಿತ್ರ ನೋಡಬೇಕು. ಚಪ್ಪಟೆ ಮೈ, ಹೊಟ್ಟೆಯ ಎರಡು ಪಕ್ಕಕ್ಕೂ ಚಾಚಿದ ಏಳು ಜೊತೆ ದಪ್ಪ ಹುಸಿಗಾಲುಗಳು, ಒಂದೊಂದರ ತುದಿಗೂ ಸಾಲುಸಾಲಾಗಿ ಕೊಕ್ಕೆ. ಆ ಕೊಕ್ಕೆಗಳಿಂದ ನುಣುಪು ಬಂಡೆಯನ್ನು ಕಚ್ಚಿ ಹಿಡಿದು, ಸೆಳವಿನಲ್ಲಿ ಅಡ್ಡಡ್ಡಲಾಗಿ ಸರಿಯುತ್ತ, ಕಲ್ಲಿನ ಮೇಲಿನ ಪಾಚಿಯ ಪೊರೆಯನ್ನು ಹೆರೆದು ತಿನ್ನುತ್ತದೆ. ಜೀವಮಾನದ ಊಟವೆಲ್ಲ ಆಗುವುದು ಈ ಅವಸ್ಥೆಯಲ್ಲೇ. ನೀರಹುಳುಗಳ ಚಿತ್ರ ಬರೆಯುವವರಲ್ಲಿ ಒಂದು ಜಾಣತನದ ರೂಢಿಯಿದೆ: ಮೈಯ ನಡುವೆ ಉದ್ದಕ್ಕೆ ಗೆರೆ ಎಳೆದು ಒಂದು ಕಡೆ ಬೆನ್ನನ್ನೂ ಇನ್ನೊಂದು ಕಡೆ ಹೊಟ್ಟೆಯನ್ನೂ ಬರೆಯುವುದು. ಒಂದೇ ಹುಳ, ಅರ್ಧ ಬೋರಲು, ಅರ್ಧ ಅಂಗಾತ. ಕಾಗದ ಉಳಿಸಲು ಹುಟ್ಟಿದ ಉಪಾಯವಿರಬಹುದು. ನನಗೆ ಮಾತ್ರ ಅದು ಯಾವ ಫೋಟೊಗಿಂತಲೂ ಸೊಗಸು.

ಈಗ ಈ ಕುಟುಂಬದಲ್ಲಿ ಹದಿನಾಲ್ಕರ ಆಸುಪಾಸು ಜಾತಿಗಳಿವೆ, ಎಲ್ಲವೂ ಏಷ್ಯಾ ಮತ್ತು ಉತ್ತರ ಅಮೆರಿಕದ ಪಶ್ಚಿಮ ಭಾಗದವು. 2011ರಲ್ಲಿ ನೊಣಗಳ ವಂಶವೃಕ್ಷವನ್ನು ಡಿಎನ್‌ಎ ಆಧಾರದಲ್ಲಿ ಹೊಸದಾಗಿ ಬಿಡಿಸಿದಾಗ ಈ ಬಡಪಾಯಿ ನುಸಿ ಬಂದು ನಿಂತದ್ದು ಬುಡದಲ್ಲಿ, ಮಿಕ್ಕ ಒಂದೂವರೆ ಲಕ್ಷ ಜಾತಿಗಳಿಂದ ಮೊದಲಿಗೇ ಕವಲೊಡೆದವುಗಳ ಸಾಲಿನಲ್ಲಿ.

ಒಂದೆರಡು ಗಂಟೆ ಬದುಕುವ ಜೀವವನ್ನು ಬಲೆಗೆ ಹಾಕುವುದು ಅದೃಷ್ಟದ ಮಾತು. ರಾಬರ್ಟ್ ಪೆನಾಕ್ 1945ರಲ್ಲಿ ಕೊಲರಾಡೊದ ಜಾತಿಯನ್ನು ಅದರ ಎಳೆಯ ಅವಸ್ಥೆಗಳ ಮೇಲೆಯೇ ವಿವರಿಸಿದರು. ಹಾಗಾಗಿ ಬಲ್ಲವರು ಆಕಾಶ ನೋಡುವುದಿಲ್ಲ, ಕಲ್ಲು ಎತ್ತಿ ನೋಡುತ್ತಾರೆ. ಕಲ್ಲಿನ ತಗ್ಗುಗಳಲ್ಲಿ ಕೋಶಗಳು ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಬಲಿತು ಕಪ್ಪಾದದ್ದನ್ನು ಆರಿಸಿ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಬಿಡಿಸಿದರೆ ಒಳಗೆ ನುಸಿ ತಯಾರಾಗಿಯೇ ಇರುತ್ತದೆ, ಕಾಲು ಮೀಸೆಗಳ ಸಮೇತ. ಗಂಡೋ ಹೆಣ್ಣೋ ಅಲ್ಲೇ ತಿಳಿಯುತ್ತದೆ, ಜನನಾಂಗವನ್ನು ಅಲ್ಲೇ ಅಳೆಯಬಹುದು. ರೆಕ್ಕೆಯನ್ನು ಮಾತ್ರ ಹರಿಯದಂತೆ ಒಂದೊಂದೇ ಮಡಿಕೆ ಬಿಚ್ಚಲು ಪಳಗಿದ ಕೈ ಬೇಕು.